ವಿತ್ಸೆಕ್ ಬಿಡಿಸಿದ ಹಣ್ಣು

ಓಲ್ಷಾಂಕಾ
17 ಸೆಪ್ಟೆಂಬರ್ 1961

ಪ್ರೀತಿಯ ತಂಗಿ ಲೋಜಾ,

ಯೇಸುವಿಗೆ ಸ್ತೋತ್ರ. ಇದನ್ನು ಓದಿದ ಕೂಡಲೇ ನೀನು "ಎಂದೆಂದಿಗೂ, ಆಮೆನ್" ಎಂದು ಬಾಯಿಬಿಟ್ಟು ಹೇಳುತ್ತೀ ಎಂದು ನಂಬಿದ್ದೇನೆ. ಪಟ್ಟಣ ಸೇರಿದವರು ಅದನ್ನೂ ಮನಸ್ಸಿನಲ್ಲೇ ಮುಗಿಸುತ್ತಾರಂತೆ.

ಪಕ್ಕದ ಮನೆ ಪಕುಲ್ಕಾ ಮುದುಕಿಯ ಅಳಿಯ ವೂಚ್ ನಗರಕ್ಕೆ ಬರುತ್ತಿದ್ದಾನೆ. ಅವನ ಕೈಯಲ್ಲಿ ಅಮ್ಮನ ಬೆಜ್ ಗಿಡದ ಹಣ್ಣಿನ ಮುರಬ್ಬ ಮೂರು ಜಾಡಿ, ಕೆಮ್ಮಿಗೆ ರಸ ಎರಡು ಶೀಸೆ ಕಳಿಸಿದ್ದೇನೆ. ಗಿರಣಿಯ ಹತ್ತಿಧೂಳು ನಿನ್ನ ಎದೆಯಲ್ಲಿ ಕೂತಿದೆ ಎಂದು ಬರೆದಿದ್ದೆಯಲ್ಲ. ಬೆಳಿಗ್ಗೆ ಒಂದು ಚಮಚ, ಮಲಗುವ ಮುಂಚೆ ಒಂದು ಚಮಚ ಬಿಸಿನೀರಿನಲ್ಲಿ ಕದಡಿ ಕುಡಿ. ಅಮ್ಮ ಹೇಳಿಕೊಟ್ಟ ಹಾಗೇ ಮಾಡಿದ್ದೇನೆ. ಮೂರು ಸಲ ನೊರೆ ಉಕ್ಕಿ ಮೂರು ಸಲ ಇಳಿಯುವ ತನಕ ಒಲೆಯಿಂದ ಇಳಿಸಲಿಲ್ಲ. ಅಮ್ಮ ಇಲ್ಲದೆ ಮಾಡಿದ ಮೊದಲ ಮುರಬ್ಬ ಇದು, ನಾಲ್ಕು ಸಲ ರುಚಿ ನೋಡಿ ನಾಲ್ಕು ಸಲ ಅತ್ತೆ.

ಹಣ್ಣು ಬಿಡಿಸಿದ್ದು ಮಾತ್ರ ನಾನಲ್ಲ, ನಿನ್ನ ಅಣ್ಣ ವಿತ್ಸೆಕ್. ಮೂರು ದಿನ ಕೊಟ್ಟಿಗೆಯ ಮುಂದೆ ದಿಮ್ಮಿಯ ಮೇಲೆ ಕೂತು, ಮೆಣಸಿನಕಾಳಿನಷ್ಟು ಹಣ್ಣನ್ನು ಒಂದೊಂದಾಗಿ ಗೊಂಚಲಿನಿಂದ ಬಿಡಿಸಿದ. ನಾನಾದರೆ ಫೋರ್ಕಿನಿಂದ ಸರಸರ ಕೆರೆದು ಹಾಕುತ್ತೇನೆ, ಅರ್ಧ ತೊಟ್ಟು ಪಾತ್ರೆಗೇ ಬೀಳುತ್ತದೆ. ಬೆಜ್‌ನ ಹಸಿ ತೊಟ್ಟು ನಾಲ್ಕು ಸೇರಿದರೆ ಸಾಕು, ಹೊಟ್ಟೆ ತೊಳೆಸಿಕೊಂಡು ಬರುತ್ತದೆ. ಅವನಿಗೆ ಅದನ್ನು ಯಾರೂ ಹೇಳಬೇಕಿಲ್ಲ. ನಾನು ಬೇಗ ಬೇಗ ಎಂದು ಗದರಿದರೆ, ತಲೆ ಎತ್ತದೆ "ಲೋಜಾ ತಿನ್ನೋದು. ತೊಟ್ಟಿರಬಾರ್ದು" ಅಂದ. ಮೂವತ್ಮೂರು ವರ್ಷದ ಗಂಡಸು, ಎರಡಕ್ಕೆ ಎರಡು ಕೂಡಿಸಲು ಬರುವುದಿಲ್ಲ, ಆದರೆ ಆ ಮೂರು ಜಾಡಿಯಲ್ಲಿ ಒಂದು ತೊಟ್ಟು ತೋರಿಸು ನೋಡೋಣ. ಬೆರಳೆಲ್ಲ ಕಪ್ಪಾಗಿ ಇಗರ್ಜಿಯಲ್ಲಿ ಜನ ಇವನನ್ನೇ ನೋಡುತ್ತಾರೆ.

ಅಮ್ಮ ಸಾಯುವಾಗ ಅವರ ಕೈ ಹಿಡಿದು, ಪಟ್ಟಣದಲ್ಲಿ ಮನೆಯಾದ ಕೂಡಲೇ ವಿತ್ಸೆಕ್‌ನನ್ನು ನಾನು ಇಟ್ಟುಕೊಳ್ಳುತ್ತೇನೆ ಎಂದೆಯಲ್ಲ, ಅದನ್ನು ಅವನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. ಅಪ್ಪನ ಮರದ ಪೆಟ್ಟಿಗೆಯನ್ನು ಆಗಿನಿಂದ ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಿದ್ದಾನೆ. ಗುಡಿಸುವಾಗ ನಾನು ದಿನಾ ಅದನ್ನು ಎಡವುತ್ತೇನೆ.

ನಿನ್ನ ಬಾವ ಇಟ್ಟಿಗೆ ಮನೆಯ ಮಾತು ಬಿಡುತ್ತಿಲ್ಲ. ನಿನ್ನ ಮನೆಯ ವಿಚಾರ ಏನಾಯಿತು, ಬರೆ.

ನಿನ್ನ ಅಕ್ಕ,
ಗೇನ್ಯಾ


ವೂಚ್, ಗಿರಣಿ ಹೆಂಗಸರ ವಸತಿಗೃಹ
8 ಅಕ್ಟೋಬರ್ 1961

ಪ್ರೀತಿಯ ಅಕ್ಕ,

ಎಂದೆಂದಿಗೂ, ಆಮೆನ್. ಬಾಯಿಬಿಟ್ಟೇ ಹೇಳಿದೆ. ಕೋಣೆಯಲ್ಲಿದ್ದ ಉಳಿದ ಮೂವರೂ ತಿರುಗಿ ನೋಡಿದರು.

ಜಾಡಿಗಳು ಒಡೆಯದೆ ತಲುಪಿದವು. ಕೆಮ್ಮು ಅರ್ಧ ಇಳಿದಿದೆ. ಗಿರಣಿಯ ವೈದ್ಯರು ಕೊಟ್ಟ ಮಾತ್ರೆಗಿಂತ ನಿನ್ನ ರಸವೇ ವಾಸಿ. ಒಂದು ಜಾಡಿಯನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದೇನೆ, ಇಲ್ಲದಿದ್ದರೆ ಈ ಹುಡುಗಿಯರು ಜಾಡಿಯನ್ನೂ ನೆಕ್ಕಿಬಿಡುತ್ತಾರೆ.

ಒಂದು ಸುದ್ದಿ. ನಮ್ಮ ಗಿರಣಿಯಲ್ಲೇ ಮೇಸ್ತ್ರಿಯಾಗಿರುವ ಜೆನೊನ್ ಎಂಬುವರು ನನ್ನನ್ನು ಕೇಳಿದ್ದಾರೆ, ನಾನು ಒಪ್ಪಿದ್ದೇನೆ. ಕ್ರಿಸ್‌ಮಸ್‌ಗೆ ಮುಂಚೆ ಮದುವೆಯ ನೋಂದಣಿ. ಇಲ್ಲೇ ಇಬ್ಬರು ಸಾಕ್ಷಿಗಳನ್ನಿಟ್ಟುಕೊಂಡು ಮುಗಿಸುತ್ತೇವೆ. ಅಷ್ಟು ದೂರದಿಂದ ನೀವೆಲ್ಲ ಚಳಿಯಲ್ಲಿ ಬರುವುದು ಬೇಡ. ವಿತ್ಸೆಕ್‌ಗಂತೂ ರೈಲು ಎಂದರೆ ಭಯ. ಬೇಸರಪಟ್ಟುಕೊಳ್ಳಬೇಡ.

ಮದುವೆಯಾದವರ ಹೆಸರು ಮನೆ ಹಂಚುವ ಪಟ್ಟಿಯಲ್ಲಿ ಬೇಗ ಮೇಲೆ ಬರುತ್ತದೆ. ವಿತ್ಸೆಕ್‌ಗೆ ಹೇಳು, ಅವನ ಪುಟ್ಟಿ ಕೊಟ್ಟ ಮಾತು ಮರೆತಿಲ್ಲ, ವಸಂತ ಬರಲಿ.

ನಿನ್ನ ತಂಗಿ,
ಲೋಜಾ


ಓಲ್ಷಾಂಕಾ
25 ಫೆಬ್ರವರಿ 1962

ಪ್ರೀತಿಯ ಲೋಜಾ,

ಯೇಸುವಿಗೆ ಸ್ತೋತ್ರ. ನೀನು ಕಳಿಸಿದ ಮದುವೆಯ ಫೋಟೋವನ್ನು ಮೇರಿಯಮ್ಮನ ಪಟದ ಕೆಳಗೆ ಇಟ್ಟಿದ್ದೇನೆ. ನಿನ್ನ ಗಂಡನ ಕಿವಿ ಸ್ವಲ್ಪ ದೊಡ್ಡವು, ಅಂಥವರು ಹೇಳಿದ ಮಾತು ಕೇಳುತ್ತಾರೆ, ಒಳ್ಳೆಯದೇ.

ನಮ್ಮವರು ಇಟ್ಟಿಗೆ ತರಿಸಿ ಅಂಗಳದಲ್ಲಿ ಪೇರಿಸಿದ್ದಾರೆ. ಮನೆ ನಿಲ್ಲಬೇಕಾದ ಜಾಗ ಸರಿಯಾಗಿ ಅಮ್ಮನ ಬೆಜ್ ಗಿಡದ ಮೇಲೆ ಬರುತ್ತದೆ. ಮಳೆನೀರು ನಿಲ್ಲದ ಜಾಗ ಅದೊಂದೇ ಎಂದು ಇವರ ವಾದ. ಗಾರೆಯವರು ಬಂದವರೇ ಗಿಡ ನೋಡಿ ಟೊಪ್ಪಿಗೆ ಸರಿಮಾಡಿಕೊಂಡು ಹೊರಟುಬಿಟ್ಟರು. "ಮನೆ ಕಟ್ಟಿಕೊಡ್ತೀವಿ, ಆ ಬುಡಕ್ಕೆ ಮಾತ್ರ ಗುದ್ದಲಿ ಹಾಕಲ್ಲ" ಅಂದರು. ಬೇರಿನ ಕೆಳಗೆ ಕೂತಿರುವ ದೆವ್ವ ಬೇರು ಕಿತ್ತವನನ್ನು ಹಿಡಿಯುತ್ತಾನೆ ಎಂಬ ಮಾತು ನಿನಗೆ ಗೊತ್ತೇ ಇದೆ. ಹೂ ಕೊಯ್ಯುವಾಗಲೂ ಅಮ್ಮ ಗಿಡದ ಅಪ್ಪಣೆ ಕೇಳುತ್ತಿದ್ದರು. ಇನ್ನು ಬೇರು ಕೀಳುವುದೆಂದರೆ!

ನಮ್ಮವರು ತಾವೂ ಮುಟ್ಟಲಿಲ್ಲ, ಬಾಯಲ್ಲಿ ಮಾತ್ರ ಶೂರರು. ಮೊನ್ನೆ ಪಕುಲ್ಕಾ ಮುದುಕಿ ಬೇಲಿಯ ಮೇಲಿಂದ ಬಗ್ಗಿ ಹೇಳಿದಳು. "ಬುದ್ಧಿ ನೆಟ್ಟಗಿಲ್ಲದೋನ ಕೈಲೋ ಕುಂಟನ ಕೈಲೋ ಕೀಳಿಸೋದು ತಾನೆ ಪದ್ಧತಿ. ನಿಮ್ಮನೇಲೇ ಒಬ್ಬ ಇದಾನಲ್ಲಮ್ಮ. ಅವನಿಗೆ ಇನ್ನೇನು ಆಗೋದು ಬಾಕಿ ಇದೆ?" ನಾನು ಅವಳಿಗೆ, ಕುಂಟುತ್ತಾ ಓಡಾಡೋದು ನಿನ್ನ ಗಂಡನೇ, ಅವನನ್ನೇ ಕಳಿಸು ಎಂದೆ. ಅವಳು ಒಳಗೆ ಹೋಗಿ ಕಿಟಕಿ ಮುಚ್ಚಿಕೊಂಡಳು. ನಮ್ಮವರು ಮಾತ್ರ ನಗಲಿಲ್ಲ.

ನಾನು ಬರೆಯಲು ಕೂತದ್ದು ಇದಕ್ಕಲ್ಲ. ಈಸ್ಟರಿಗೆ ಮುಂಚೆ ವಿತ್ಸೆಕ್‌ನನ್ನು ಕರೆದುಕೊಂಡು ಹೋಗಲು ಆಗುತ್ತದೆಯೇ? ಒಂದು ಮೂಲೆಯಾದರೂ ಸಾಕು. ಬೇರೆ ಕಾರಣ ಏನೂ ಇಲ್ಲ, ಅವನು ಕೇಳುತ್ತಲೇ ಇರುತ್ತಾನೆ, ಅದಕ್ಕೆ.

ನಿನ್ನ ಅಕ್ಕ,
ಗೇನ್ಯಾ


ವೂಚ್, ಗಿರಣಿ ಹೆಂಗಸರ ವಸತಿಗೃಹ
11 ಏಪ್ರಿಲ್ 1962

ಪ್ರೀತಿಯ ಅಕ್ಕ,

ತಡವಾದದ್ದಕ್ಕೆ ಕ್ಷಮಿಸು. ನಿನ್ನ ಪತ್ರ ಓದಿ ಬಿದ್ದು ಬಿದ್ದು ನಕ್ಕೆ, ಪಕುಲ್ಕಾ ಇನ್ನೂ ಹಾಗೇ ಇದ್ದಾಳಲ್ಲ! ಆಕಾಶಕ್ಕೆ ಮನುಷ್ಯನನ್ನು ಕಳಿಸಿ ವರ್ಷವಾಯಿತು, ನಮ್ಮೂರಿನವರು ಒಂದು ಪೊದೆಗೆ ಹೆದರಿಕೊಂಡು ಕೂತಿದ್ದೀರಿ. ಅಗೆಯಲಿ ಬಿಡು, ವಿತ್ಸೆಕ್‌ಗೆ ಎತ್ತಿನಂಥ ಶಕ್ತಿ ಇದೆ, ಕೆಲಸ ಇದ್ದರೆ ನನ್ನ ದಾರಿ ಕಾಯುವುದೂ ಮರೆಯುತ್ತದೆ. ಗಿಡದ ಕೆಳಗೆ ಎರೆಹುಳು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ನಾನು ಹೇಳಿದೆ ಅಂತ ಬಾವನಿಗೆ ಹೇಳು.

ಈಸ್ಟರಿಗೆ ಆಗುವುದಿಲ್ಲ. ಮನೆ ಇನ್ನೂ ಕೈಗೆ ಬಂದಿಲ್ಲ. ಇನ್ನೊಂದು ವಿಷಯ, ನನಗೀಗ ನಾಲ್ಕು ತಿಂಗಳು. ಭಾರ ಎತ್ತಬಾರದು, ಮನಸ್ಸಿಗೂ ಬೇಸರ ಆಗಬಾರದು ಎಂದಿದ್ದಾರೆ. ಒಂದೇ ಸಮನೆ ವಾಂತಿ. ಸೆಪ್ಟೆಂಬರಿನಲ್ಲಿ ಹೆರಿಗೆ. ಆಮೇಲೆ ನೋಡೋಣ.

ಹೂವಿನ ಕಾಲಕ್ಕೆ ಒಂದು ಚೀಲ ಒಣಹೂ ಕಳಿಸು, ಕಷಾಯಕ್ಕೆ.

ನಿನ್ನ ತಂಗಿ,
ಲೋಜಾ


ಓಲ್ಷಾಂಕಾ
24 ಜೂನ್ 1962

ಲೋಜಾ,

ಹೂ ಕಳಿಸಿದ್ದೇನೆ. ನೆರಳಿನಲ್ಲಿ ಒಣಗಿಸಿದ್ದು. ಈ ಸಲ ರೈಲುಹಳಿಯ ಪಕ್ಕದ ಪೊದೆಗಳಿಂದ ಕೊಯ್ದೆ, ಅಷ್ಟು ಪರಿಮಳ ಇಲ್ಲ.

ಬುನಾದಿ ಹಾಕಿದ್ದಾರೆ. ನಮ್ಮವರು ಮಾತು ಕಡಿಮೆ ಮಾಡಿದ್ದಾರೆ. ನೀನು ಹೊಟ್ಟೆ ತುಂಬ ಊಟ ಮಾಡು, ಮೆಟ್ಟಿಲು ಹತ್ತಬೇಡ, ಕೆಟ್ಟದ್ದು ಏನೂ ನೋಡಬೇಡ, ಕೇಳಬೇಡ.

ವಿತ್ಸೆಕ್‌ಗೆ ನಾವು ಈಗ ಯಾವ ಕೆಲಸವನ್ನೂ ಹೇಳುವುದಿಲ್ಲ.

ಗೇನ್ಯಾ


ವೂಚ್, ಗಿರಣಿ ಹೆಂಗಸರ ವಸತಿಗೃಹ
5 ಆಗಸ್ಟ್ 1962

ಪ್ರೀತಿಯ ಅಕ್ಕ,

ಹೂ ಕಳಿಸಿದ್ದಕ್ಕೆ ಉಪಕಾರವಾಯಿತು. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿಲ್ಲ, ಆದ್ದರಿಂದ ಚಿಕ್ಕ ಪತ್ರ.

ವಿತ್ಸೆಕ್‌ನನ್ನು ಸುಮ್ಮನೆ ಕೂರಿಸಿದ್ದೀರಿ ಎಂದು ತಿಳಿದು ಸಮಾಧಾನವಾಯಿತು. ಬುನಾದಿ ಬಿತ್ತೆಂದರೆ ಗಿಡ ಕಿತ್ತಾಯಿತು ಎಂದಾಯಿತು. ನೋಡಿದೆಯಾ, ಆಕಾಶವೇನೂ ಕಳಚಿ ಬೀಳಲಿಲ್ಲ. ನೀನು ಯೇಸುವಿಗೆ ಸ್ತೋತ್ರ ಹೇಳದೆ ಪತ್ರ ಶುರುಮಾಡಿದ್ದು ನನ್ನ ಜನ್ಮದಲ್ಲಿ ಇದೇ ಮೊದಲು. ಬಾವನ ಸಿಮೆಂಟು ನಿನ್ನ ಭಕ್ತಿಯನ್ನೂ ಮುಚ್ಚಿತೇ?

ಈ ಸಲವೂ ಮುರಬ್ಬ ಮರೆಯಬೇಡ. ಬಾಣಂತಿಗೆ ಒಳ್ಳೆಯದು. ಅಣ್ಣನೇ ಬಿಡಿಸಿದ್ದು ಬೇಕು ಎಂದು ಹೇಳು, ಹಿಗ್ಗುತ್ತಾನೆ.

ಲೋಜಾ


ವೂಚ್
14 ಅಕ್ಟೋಬರ್ 1962

ಪ್ರೀತಿಯ ಅಕ್ಕ,

ಹೆಣ್ಣು ಮಗು. ಸೆಪ್ಟೆಂಬರ್ ಹನ್ನೆರಡಕ್ಕೆ ಹುಟ್ಟಿದಳು. ಎಲ್ಯಾ ಎಂದು ಕರೆಯುತ್ತೇವೆ. ಕೈಕಾಲು, ಕಣ್ಣು, ಎಲ್ಲ ನೆಟ್ಟಗಿವೆ. ತಂತಿ ಕಳಿಸಿದ್ದೆ, ನಿನ್ನಿಂದ ಒಂದು ಸಾಲೂ ಬರಲಿಲ್ಲ. ಹೋದ ವಾರ ಜಾಡಿಗಳು ಬಂದವು, ಜೊತೆಗೆ ಚೀಟಿಯೂ ಇಲ್ಲ.

ಬೇಸರ ಮಾಡಿಕೊಳ್ಳಬೇಡ, ಆದರೆ ಹೇಳಲೇಬೇಕು. ಮೊದಲ ಜಾಡಿ ತೆಗೆದು ಬ್ರೆಡ್ಡಿಗೆ ಸವರಿಕೊಂಡು ತಿಂದೆ. ಕಹಿ. ಒಂದು ಗಂಟೆಯಲ್ಲಿ ಹೊಟ್ಟೆ ತೊಳೆಸಿ ಎಲ್ಲ ಹೊರಗೆ ಬಂತು. ತಟ್ಟೆಗೆ ಸುರಿದು ನೋಡಿದರೆ ಚಮಚಕ್ಕೆ ಮೂರು ನಾಲ್ಕು ಹಸಿ ತೊಟ್ಟು. ಬೇರೆ ಜಾಡಿಗಳೂ ಹಾಗೇ. ಇದು ವಿತ್ಸೆಕ್ ಬಿಡಿಸಿದ ಹಣ್ಣಲ್ಲ.

ಅವನಿಂದ ಇಟ್ಟಿಗೆ ಹೊರಿಸುತ್ತಿದ್ದೀರಾ? ಸುಮ್ಮನೆ ಕೂರಿಸಿದ್ದೇವೆ ಎಂದು ನನಗೆ ಬರೆದು, ಬಾವ ಅವನನ್ನು ಆಳಿನಂತೆ ದುಡಿಸುತ್ತಿದ್ದಾರಾ? ಅಥವಾ ಹುಷಾರಿಲ್ಲವೇ? ನಿಜ ಹೇಳು.

ಮನೆ ಸಿಕ್ಕಿದೆ, ಎರಡು ಕೋಣೆ. ಹೊಸ ವಿಳಾಸ ಲಕೋಟೆಯ ಹಿಂದೆ ಇದೆ. ಚಿಕ್ಕ ಕೋಣೆಯಲ್ಲಿ ಅಣ್ಣನಿಗೆ ಮಂಚ ಹಾಕಿದ್ದೇನೆ. ಕಿಟಕಿ ಅಂಗಳದ ಕಡೆಗಿದೆ, ಪಾರಿವಾಳಗಳು ಬರುತ್ತವೆ. ಜೆನೊನ್‌ಗೂ ಹೇಳಿದ್ದೇನೆ, ಒಪ್ಪಿದ್ದಾರೆ. ಮಗುವಿಗೆ ಮೂರು ತಿಂಗಳಾದ ಕೂಡಲೇ ಕ್ರಿಸ್‌ಮಸ್‌ಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಪೆಟ್ಟಿಗೆಯನ್ನು ಒರೆಸಿಡಲು ಅವನಿಗೆ ಹೇಳು.

ನಿನ್ನ ತಂಗಿ,
ಲೋಜಾ


ಓಲ್ಷಾಂಕಾ
2 ನವೆಂಬರ್ 1962, ಸತ್ತವರ ದಿನ

ಲೋಜಾ,

ಕೂತು ಓದು. ಮಗು ಕೈಯಲ್ಲಿದ್ದರೆ ಮೊದಲು ಮಲಗಿಸು.

ವಿತ್ಸೆಕ್ ಇಲ್ಲ. ಮೇ ತಿಂಗಳು ಹದಿನೇಳಕ್ಕೆ ತೀರಿಕೊಂಡ. ಈಗಷ್ಟೇ ಅಮ್ಮನ ಪಕ್ಕದಲ್ಲಿ ಅವನಿಗೂ ದೀಪ ಹಚ್ಚಿಟ್ಟು ಬಂದೆ. ನೀನು ಬಸುರಿ, ಕೆಟ್ಟ ಸುದ್ದಿ ಕೇಳಿಸಬಾರದು ಎಂದು ತಡೆದೆ. ಅದು ಅರ್ಧ ಕಾರಣ. ಇನ್ನರ್ಧ, ಬರೆಯುವ ಧೈರ್ಯ ಇರಲಿಲ್ಲ. ತೊಟ್ಟು ನೀನು ಕಂಡುಹಿಡಿಯುತ್ತೀ ಎಂದು ನನಗೆ ಗೊತ್ತಿತ್ತು. ಆರಿಸಬೇಕೆಂದು ಕೂತೆ, ಆ ದಿಮ್ಮಿಯ ಮೇಲೆಯೇ ಕೂತೆ. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ, ಫೋರ್ಕಿನಿಂದ ಕೆರೆದು ಹಾಕಿಬಿಟ್ಟೆ.

ಏಪ್ರಿಲ್ ಕೊನೆಗೆ ನಿನ್ನ ಪತ್ರ ಬಂತು. ನಾನು ಓದಿ ಒಲೆಯ ಮೇಲಿನ ಗೂಡಿನಲ್ಲಿಟ್ಟಿದ್ದೆ. ನಮ್ಮವರು ತೆಗೆದುಕೊಂಡು ಅಂಗಳದಲ್ಲಿ ಅವನ ಮುಂದೆ ಹಿಡಿದರು. "ನೋಡು ವಿತ್ಸೆಕ್, ಲೋಜಾ ಬರ್ದಿದಾಳೆ. ಗಿಡ ನೀನೇ ಅಗೀಬೇಕಂತೆ." ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಕಿತ್ಮೇಲೆ ಕರ್ಕೊಂಡ್ ಹೋಗ್ತಾಳಾ?" ಎಂದು ಕೇಳಿದ. ಇವರು ಹೂಂ ಅಂದರು. ನಾನು ಬಾಗಿಲಲ್ಲೇ ಇದ್ದೆ, ಲೋಜಾ. ಕೇಳಿಸಿಕೊಂಡೆ. ಸುಮ್ಮನಿದ್ದೆ. ನನಗೂ ಇಟ್ಟಿಗೆ ಮನೆ ಬೇಕಾಗಿತ್ತು.

ಎರಡು ದಿನ ಅಗೆದ. ಅಷ್ಟು ಹುರುಪಿನಿಂದ ಅವನು ಕೆಲಸ ಮಾಡಿದ್ದನ್ನು ನಾನು ಹಣ್ಣಿನ ಕಾಲದಲ್ಲಿ ಬಿಟ್ಟರೆ ಬೇರೆ ಯಾವಾಗಲೂ ನೋಡಿಲ್ಲ. ಬರಿಗಾಲು. ಊರಿನವರು ಬೇಲಿಯ ಆಚೆ ನಿಂತು ನೋಡುತ್ತಿದ್ದರು, ಒಬ್ಬರೂ ಒಳಗೆ ಬರಲಿಲ್ಲ. ಎರಡನೆಯ ದಿನ ಕೊನೆಯ ಬೇರಿಗೆ ಹೊಡೆಯುವಾಗ ತುಕ್ಕು ಹಿಡಿದ ಗುದ್ದಲಿ ಜಾರಿ ಎಡಗಾಲಿನ ಹೆಬ್ಬೆರಳ ಪಕ್ಕ ಸೀಳಿತು. ತೊಳೆದು, ಬೆಜ್ ಎಲೆಯನ್ನೇ ಬೇಯಿಸಿ ಕಟ್ಟಿದೆ. ಅಮ್ಮ ಎಲ್ಲ ಗಾಯಕ್ಕೂ ಅದನ್ನೇ ಕಟ್ಟುತ್ತಿದ್ದರು. ಕಟ್ಟಿಸಿಕೊಂಡು ಹೋಗಿ ಪೆಟ್ಟಿಗೆಯ ಮೇಲೆ ಕೂತ.

ಎಂಟನೆಯ ದಿನ ಗಂಜಿ ಬಾಯಿಗೆ ಹೋಗುತ್ತಿಲ್ಲ ಅಂದ. ಮಾರನೆಯ ದಿನ ದವಡೆ ಕಚ್ಚಿಕೊಂಡಿತು. ಆಮೇಲೆ ಬೆನ್ನು ಹಿಂದಕ್ಕೆ ಬಾಗಿತು. ಬಾಗಿಲು ಸದ್ದಾದರೂ ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ನಮ್ಮವರು ಹೆದರಿ ಪೇಟೆಯ ವೈದ್ಯರನ್ನು ಕರೆತರಲು ಗಾಡಿಗೆ ಕುದುರೆ ಹೂಡಿದರು. ಹೌದು, ಅವರು ಹೂಡಿದರು, ಅದನ್ನು ಬರೆಯಲೇಬೇಕು. ಆಗ ಪಕುಲ್ಕಾ ಬಂದು "ಬೇರಿನಡಿ ಇರೋನು ಹಿಡ್ಕೊಂಡಿರೋದನ್ನ ಸೂಜಿ ಬಿಡಿಸುತ್ತಾ?" ಅಂದಳು. ಅವಳು ಅಂದಳು, ನಂಬಿದವಳು ನಾನು. ವೈದ್ಯರು ಬಂದು ಬಿಡಿಸಲು ಹೋದರೆ ಅದು ಮುಟ್ಟಿದವರಿಗೂ ತಗುಲುತ್ತದೆ, ಮನೆಯನ್ನೇ ಹಿಡಿಯುತ್ತದೆ ಎಂದುಕೊಂಡೆ. "ಕುದುರೆ ಬಿಚ್ಚಿ" ಎಂದು ಹೇಳಿದವಳು ನಾನು.

ಮೂರು ದಿನ ಅವನ ಪಕ್ಕ ಕೂತು ಬೆಜ್ ರಸ ಕುಡಿಸಿದೆ. ಹಲ್ಲು ಬಿಡುತ್ತಿರಲಿಲ್ಲ. ಚಮಚವನ್ನು ಸಂದಿಗೆ ತೂರಿಸಿದರೆ ರಸವೆಲ್ಲ ಗಲ್ಲದ ಮೇಲೆ ಹರಿದು ದಿಂಬು ಕಪ್ಪಾಯಿತು. ಬುದ್ಧಿ ಮಾತ್ರ ಕೊನೆಯ ತನಕ ಸರಿಯಾಗಿತ್ತು, ಎಂದೂ ಇಲ್ಲದಷ್ಟು. ಹಲ್ಲಿನ ನಡುವಿನಿಂದಲೇ "ಪುಟ್ಟಿ ಬಂದ್ಲಾ?" ಎಂದು ಕೇಳಿದ. ದಾರಿಯಲ್ಲಿದ್ದಾಳೆ ಎಂದೆ.

ಆಗಸ್ಟಿನಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕಲು ದಾದಿಯೊಬ್ಬಳು ಬಂದಿದ್ದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಅದಕ್ಕೆ ಧನುರ್ವಾಯು ಎನ್ನುತ್ತಾರಂತೆ. ಗೊಬ್ಬರದ ಮಣ್ಣಿನಲ್ಲಿ, ತುಕ್ಕಿನ ಗಾಯದಲ್ಲಿ ಬರುತ್ತದಂತೆ, ಯಾವ ಗಿಡ ಅಗೆದರೂ ಬರಬಹುದಂತೆ. ಗಾಯವಾದ ದಿನವೇ ಕರೆದುಕೊಂಡು ಹೋಗಿದ್ದರೆ ಒಂದು ಸೂಜಿಯಲ್ಲಿ ಮುಗಿಯುತ್ತಿತ್ತು ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಿಡದ ಕೆಳಗೆ ಎರೆಹುಳು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ನೀನು ಬರೆದಿದ್ದೆ. ನಿಜ, ಯಾರೂ ಇರಲಿಲ್ಲ. ಹಳ್ಳಕ್ಕೆ ನಾನೇ ಇಳಿದು ನೋಡಿದೆ.

ಹೊಸ ಮನೆಗೆ ಚಾವಣಿ ಹಾಕಿದ್ದಾಯಿತು. ನಾನು ಇನ್ನೂ ಹಳೆಯ ಮನೆಯಲ್ಲೇ ಮಲಗುತ್ತೇನೆ. ಪೆಟ್ಟಿಗೆಯನ್ನು ಬಾಗಿಲ ಪಕ್ಕದಿಂದ ತೆಗೆದಿಲ್ಲ. ನೀನು ನನ್ನನ್ನು ಏನು ಬೇಕಾದರೂ ಅನ್ನು, ಆದರೆ ಬರೆ.

ಗೇನ್ಯಾ


ವೂಚ್
10 ಫೆಬ್ರವರಿ 1963

ಅಕ್ಕ,

ಮೂರು ತಿಂಗಳು ಸುಮ್ಮನಿದ್ದೆ. ಆ ಮೂರು ತಿಂಗಳೂ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಕುದುರೆ ಬಿಚ್ಚಿ ಎಂದೆಯಲ್ಲ, ಅದನ್ನು ದಿನಾ ನೆನೆಸಿಕೊಂಡು ನಿನಗೆ ಶಾಪ ಹಾಕಲು ನೋಡಿದೆ. ಪ್ರತಿ ಸಲವೂ ಅರ್ಧಕ್ಕೇ ನಿಲ್ಲುತ್ತದೆ. ಯಾಕೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನೊಬ್ಬಳೇ ಇದನ್ನು ಹೊರುತ್ತೀ.

ಈ ಮನೆಯ ಕೀಲಿ ನಮ್ಮ ಕೈಗೆ ಬಂದದ್ದು ಹೋದ ವರ್ಷ ಏಪ್ರಿಲ್ ಮೂರಕ್ಕೆ. ಅಗೆಯಲಿ ಬಿಡು ಎಂದು ಹನ್ನೊಂದಕ್ಕೆ ನಿನಗೆ ಬರೆದೆನಲ್ಲ, ಅದನ್ನು ಬರೆದದ್ದು ಈ ಮನೆಯ ಅಡುಗೆಕೋಣೆಯಲ್ಲಿ ಕೂತು. ಮೇಲೆ ಹಳೆಯ ವಿಳಾಸ ಹಾಕಿದೆ. ಆರು ತಿಂಗಳು ನಿನ್ನ ಪತ್ರಗಳನ್ನು ವಸತಿಗೃಹದ ಕಾವಲುಗಾರನ ಹತ್ತಿರ ಹೋಗಿ ಇಸಿದುಕೊಳ್ಳುತ್ತಿದ್ದೆ. ಚಿಕ್ಕ ಕೋಣೆಯಲ್ಲಿ ಜೆನೊನ್‌ರ ಸೈಕಲ್ಲು, ಕಲ್ಲಿದ್ದಲ ಚೀಲ ಇದ್ದವು.

ನನಗೆ ಒಬ್ಬ ಅಣ್ಣ ಇದ್ದಾನೆ ಎಂದು ಜೆನೊನ್‌ಗೆ ನಾನು ಹೇಳಿರಲೇ ಇಲ್ಲ. ಅಕ್ಕ ಒಬ್ಬಳೇ ಎಂದಿದ್ದೆ. ಮದುವೆಗೆ ನಿಮ್ಮನ್ನು ಕರೆಯದೆ ಇದ್ದದ್ದೂ ಅದಕ್ಕೇ, ಚಳಿಗೆ ಅಲ್ಲ. ನಮ್ಮ ಮನೆತನದಲ್ಲಿ ಅಂಥವನಿದ್ದಾನೆ ಎಂದು ತಿಳಿದರೆ ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆಯೂ ಅನುಮಾನಪಡುತ್ತಾರೆ ಎಂದು ಹೆದರಿದೆ. ಎಲ್ಯಾ ಹುಟ್ಟಿ, ಅವಳ ಬೆರಳು ಎಣಿಸಿ, ಕಣ್ಣು ಹೊರಳುತ್ತದೆ ಎಂದು ನೋಡಿಕೊಂಡ ಮೇಲೆ ಧೈರ್ಯ ಬಂತು. ನಿನ್ನ ಜಾಡಿಯ ತೊಟ್ಟು ಸಿಕ್ಕ ದಿನವೇ ಅವರಿಗೆ ಹೇಳಿದೆ. ಅವರು "ಇಷ್ಟೇನಾ? ನಮ್ಮ ಚಿಕ್ಕಪ್ಪನೂ ಹಾಗೇ ಇದ್ರು, ನನ್ನನ್ನ ಎತ್ತಾಡ್ಸಿದ್ದೇ ಅವರು. ಕರ್ಕೊಂಡು ಬಾ" ಎಂದು ಹೇಳಿ ಸೈಕಲ್ಲನ್ನು ಮೆಟ್ಟಿಲ ಕೆಳಗೆ ಇಟ್ಟು ಬಂದರು. ಇಷ್ಟೇ, ಅಕ್ಕ. ಒಂದು ವರ್ಷದಿಂದ ನಾನು ಹೆದರಿದ್ದು ಇಷ್ಟಕ್ಕೆ. ನೀವು ಗಿಡಕ್ಕೆ ಹೆದರಿದಿರಿ ಎಂದು ನಕ್ಕಿದ್ದೆನಲ್ಲ.

ಆ ಮಂಚವನ್ನು ತೆಗೆದಿಲ್ಲ. ಪೆಟ್ಟಿಗೆಯನ್ನು ನೀನು ಹೇಗೆ ತೆಗೆದಿಲ್ಲವೋ ಹಾಗೆ. ಬೇಸಿಗೆಯಲ್ಲಿ ಎಲ್ಯಾಳನ್ನು ಕರೆದುಕೊಂಡು ಬರುತ್ತೇನೆ. ಇಬ್ಬರೂ ಸೇರಿ ಗೋರಿಯ ಹತ್ತಿರ ಹೋಗೋಣ. ನಾನೊಬ್ಬಳೇ ಹೋಗಲಾರೆ. ಬಾವನ ಜೊತೆ ಮಾತಾಡಲು ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಈ ಚಳಿಗೆ ಮತ್ತೆ ಕೆಮ್ಮು ಹಿಡಿಯಿತು. ಒಂದು ಜಾಡಿಯನ್ನು ನನ್ನ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದೆ ಎಂದು ಬರೆದಿದ್ದೆನಲ್ಲ, ಮೊದಲ ವರ್ಷದ್ದು, ಅದು ಹಾಗೇ ಇತ್ತು. ನಿನ್ನೆ ತೆಗೆದೆ. ತಿನ್ನಲಾಗಲಿಲ್ಲ. ಬಿಳಿ ತಟ್ಟೆಯ ಮೇಲೆ ಸ್ವಲ್ಪ ಸ್ವಲ್ಪವಾಗಿ ಸುರಿದುಕೊಂಡು, ಕಿಟಕಿಯ ಬೆಳಕಿನಲ್ಲಿ ಚಮಚದ ತುದಿಯಿಂದ ಒಂದೊಂದು ಹಣ್ಣನ್ನೂ ಸರಿಸಿ ನೋಡಿದೆ. ಒಂದಾದರೂ ಸಿಗಲಿ ಎಂದು ಹುಡುಕಿದೆ, ಸಿಕ್ಕಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಜಾಡಿಯ ತಳದ ತನಕ ನೋಡಿದೆ.

ಒಂದು ತೊಟ್ಟೂ ಇರಲಿಲ್ಲ, ಅಕ್ಕ.

ಲೋಜಾ